ಫಲಕದ ಕಾಲ, ಕಲ್ಲಿನ ಕಾಲ: ಪಾರ್ಕ್ ಸ್ಟ್ರೀಟಿನ ಸಮಾಧಿಭೂಮಿಯ ಓದು

ಕಲ್ಕತ್ತೆಯ ದಕ್ಷಿಣ ಪಾರ್ಕ್ ಸ್ಟ್ರೀಟ್ ಸಮಾಧಿಭೂಮಿಯ ಹೆಬ್ಬಾಗಿಲಿನಲ್ಲಿ ಒಂದು ಫಲಕವಿದೆ. 1767ರಲ್ಲಿ ತೆರೆಯಲಾಯಿತು, 1790ರಲ್ಲಿ ಮುಚ್ಚಲಾಯಿತು ಎಂಬಷ್ಟೇ ಅದರ ಒಕ್ಕಣೆ. ಮಾರ್ಗದರ್ಶಿಯ ಹಿಂದೆ ಒಳಹೊಕ್ಕ ಪ್ರವಾಸಿಗರು ಅರ್ಧ ಗಂಟೆಯೊಳಗೆ ಸರ್ ವಿಲಿಯಂ ಜೋನ್ಸನ ಸಮಾಧಿಯ ಮುಂದೆ ನಿಂತಿರುತ್ತಾರೆ. ಅವನು ತೀರಿಕೊಂಡದ್ದು 1794ರ ಏಪ್ರಿಲ್ 27ರಂದು. ಅಲ್ಲಿಂದ ಮುಂದಕ್ಕೆ ರೋಸ್ ಐಲ್ಮರ್, 1800. ಮೇಜರ್ ಜನರಲ್ ಚಾರ್ಲ್ಸ್ ಸ್ಟುವರ್ಟ್, 1828. ಕವಿ ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ, 1831. ಮುಚ್ಚಿದೆ ಎಂದು ಫಲಕ ಸಾರುವ ಭೂಮಿಯಲ್ಲಿ ಮತ್ತೆ ನಾಲ್ಕು ದಶಕಗಳ ಕಾಲ ಹೆಣಗಳನ್ನು ಹೂಳಲಾಗಿದೆ. ಫಲಕವನ್ನು ಓದಿದವರೇ ಈ ಕಲ್ಲುಗಳ ಮುಂದೆಯೂ ನಿಲ್ಲುತ್ತಾರೆ. ಆದರೂ ಎರಡು ಕಾಲಗಣನೆಗಳ ನಡುವಿನ ಈ ವಿರೋಧ ಕಣ್ಣಿಗೆ ಬಿದ್ದವರು ವಿರಳ. ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಅಜ್ಞಾನವಲ್ಲ. ಅಲ್ಲಿಗೆ ಬರುವವರು ಕೇಳಲು ಬರುತ್ತಾರೆ, ಓದಲು ಬರುವುದಿಲ್ಲ.

ಶಾಸನಗಳನ್ನು ಪಠ್ಯವಾಗಿಟ್ಟುಕೊಂಡು ಓದುವ ಅಭ್ಯಾಸ ಕನ್ನಡ ವಿದ್ಯಾರ್ಥಿಗಳಿಗೆ ಹೊಸದಲ್ಲ. ಹಲ್ಮಿಡಿಯಿಂದ ಮೊದಲ್ಗೊಂಡು ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳವರೆಗೆ ಕಲ್ಲಿನ ಮೇಲಣ ಅಕ್ಷರವನ್ನು ಅವರು ಸಾಹಿತ್ಯಚರಿತ್ರೆಯ ಆಕರವಾಗಿಯೇ ಕಾಣುತ್ತ ಬಂದಿದ್ದಾರೆ. ಆದರೆ ಆಧುನಿಕ ಕಾಲದ, ಅದರಲ್ಲೂ ವಸಾಹತುಶಾಹಿಯ ಕಾಲದ ಸಮಾಧಿಭೂಮಿಯೊಂದರ ಮುಂದೆ ನಿಂತ ಕೂಡಲೆ ಈ ಶಿಸ್ತು ಹಿಂದೆ ಸರಿದು, ಪ್ರವಾಸಿಯ ಕುತೂಹಲ ಮುಂದೆ ಬರುತ್ತದೆ. ಪಾರ್ಕ್ ಸ್ಟ್ರೀಟಿನ ಸಮಾಧಿಭೂಮಿ ಈ ಮಾತಿಗೆ ಒಳ್ಳೆಯ ನಿದರ್ಶನ.

ಇಂದಿನ ಪಾರ್ಕ್ ಸ್ಟ್ರೀಟಿಗೆ ಒಂದು ಕಾಲದಲ್ಲಿ ಬರಿಯಿಂಗ್ ಗ್ರೌಂಡ್ ರೋಡ್, ಅಂದರೆ ಹೂಳುವ ನೆಲದ ದಾರಿ ಎಂದೇ ಹೆಸರಿತ್ತು. ಕಂಪನಿಯ ನೌಕರರು, ಸೈನಿಕರು, ವ್ಯಾಪಾರಿಗಳು, ಅವರ ಹೆಂಡಿರು ಮಕ್ಕಳು ಬಂಗಾಳದ ಹವೆಗೆ ಸಿಕ್ಕಿ ಎಷ್ಟು ಬೇಗ ಸಾಯುತ್ತಿದ್ದರೆಂದರೆ, ಹೊಸದಾಗಿ ಬಂದ ಯುರೋಪಿಯನ್ನನ ಆಯುಷ್ಯ ಎರಡು ಮಳೆಗಾಲ ಎಂಬ ಮಾತು ಗಾದೆಯಂತೆ ಬಳಕೆಯಲ್ಲಿತ್ತು. ಆ ಮರಣಗಳ ಫಲವಾಗಿ ಇಲ್ಲಿ ಸುಮಾರು 1600 ಸಮಾಧಿಗಳು ನಿಂತಿವೆ. ಇಟ್ಟಿಗೆಯ ಮೇಲೆ ಗಾರೆ ಬಳಿದು ಕಟ್ಟಿದ ಪಿರಮಿಡ್ಡುಗಳು, ಚೂಪಾದ ಸ್ತಂಭಗಳು, ಗ್ರೀಕ್ ಕಂಬಗಳ ಮೇಲೆ ಕೂತ ಗುಮ್ಮಟಗಳು. ಊರಿಗೆ ಮರಳುವ ಆಸೆಯಿಂದ ಹಡಗು ಹತ್ತಿದವರು ಇಲ್ಲಿ ಊರಿನಲ್ಲಿ ಎಂದೂ ದಕ್ಕದಿದ್ದಂಥ ದೊಡ್ಡ ಮನೆಗಳೊಳಗೆ ಮಲಗಿದ್ದಾರೆ. ಮರದ ನೆರಳು, ಪಾಚಿ, ತೇವ, ನಗರದ ಗದ್ದಲದ ನಡುವೆ ಒಮ್ಮೆಲೆ ಎದುರಾಗುವ ನಿಶ್ಶಬ್ದ ಇವೆಲ್ಲ ಸೇರಿ ಆ ಸ್ಥಳಕ್ಕೆ ಒಂದು ನಾಟಕೀಯತೆಯನ್ನು ತಂದಿವೆ. ಸತ್ಯಜಿತ್ ರಾಯ್ ತಮ್ಮ ಪತ್ತೇದಾರ ಫೆಲುದಾನ ಕಥೆಯೊಂದನ್ನು, 'ಗೋರಸ್ಥಾನೇ ಸಾಬಧಾನ್', ಇಲ್ಲಿಯೇ ನಡೆಯಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2010ರಲ್ಲಿ ಅದು ಚಲನಚಿತ್ರವೂ ಆಯಿತು. ಪಾರಂಪರಿಕ ನಡಿಗೆಗೆ ಬರುವ ಎಷ್ಟೋ ಮಂದಿ ಮೊದಲು ಅರಸುವುದು ಆ ಚಿತ್ರದ ದೃಶ್ಯಗಳನ್ನು.

ಮಾರ್ಗದರ್ಶಿಗಳನ್ನು ದೂರುವುದು ಸುಲಭ. ಅವರ ಮೇಲೆ ಕಾಲದ ಒತ್ತಡವಿದೆ. ಬಿಸಿಲಿನಲ್ಲಿ ನಿಂತ ಗುಂಪಿಗೆ ಬೇಸರವಾಗಬಾರದು. ಒಂದೂವರೆ ಗಂಟೆಯಲ್ಲಿ 1600 ಸಮಾಧಿಗಳಲ್ಲಿ ಹತ್ತನ್ನೋ ಹನ್ನೆರಡನ್ನೋ ತೋರಿಸಬಹುದು. ಆಯ್ಕೆ ಅನಿವಾರ್ಯ. ಪ್ರಶ್ನೆಯಿರುವುದು ಆಯ್ಕೆಯ ಮಾನದಂಡದಲ್ಲಿ. ಕಥೆಯಿರುವ ಗೋರಿ ಉಳಿಯುತ್ತದೆ, ಕಥೆಯಿಲ್ಲದ ಗೋರಿ ದಾರಿಬದಿಯ ಗೋಡೆಯಾಗುತ್ತದೆ. ಕಥೆಯಿರುವ ಗೋರಿಯಲ್ಲಿಯೂ ಕೇಳುವುದು ಕಥೆಯನ್ನೇ, ಅದರ ಮೇಲೆ ಬರೆದಿರುವುದನ್ನಲ್ಲ.

ರೋಸ್ ಐಲ್ಮರಳ ಸಮಾಧಿಯನ್ನೇ ನೋಡಬಹುದು. ಸುರುಳಿಯಾಗಿ ಮೇಲೇಳುವ ಸ್ತಂಭದಿಂದಾಗಿ ಅದು ದೂರಕ್ಕೇ ಗುರುತು ಸಿಗುತ್ತದೆ. ಇಪ್ಪತ್ತರ ವಯಸ್ಸಿನ ಈ ತರುಣಿ ಕಲ್ಕತ್ತೆಯಲ್ಲಿದ್ದ ತನ್ನ ಬಂಧುಗಳ ಮನೆಗೆ ಬಂದು ತೀರಿಕೊಂಡಳು. ಇಂಗ್ಲಿಷ್ ಕವಿ ವಾಲ್ಟರ್ ಸ್ಯಾವೇಜ್ ಲ್ಯಾಂಡರ್ ಆಕೆಯನ್ನು ನೆನೆದು ಬರೆದ ಎಂಟು ಸಾಲಿನ ಕವಿತೆ ಆ ಭಾಷೆಯ ಸಂಕಲನಗಳಲ್ಲಿ ನೆಲೆನಿಂತಿತು. ಬಹುಕಾಲದ ನಂತರ ಆ ಸಾಲುಗಳನ್ನು ತಂದು ಸಮಾಧಿಗೂ ಸೇರಿಸಲಾಯಿತು. ಮಾರ್ಗದರ್ಶಿಯ ಮಾತು ಇಲ್ಲಿ ಹೊರಳುವುದು ಅನಾನಸಿನ ಕಡೆಗೆ. ಅತಿಯಾಗಿ ಅನಾನಸು ತಿಂದು ಆಕೆ ಸತ್ತಳು ಎಂದು ಅವನು ಹೇಳುತ್ತಾನೆ, ಗುಂಪು ನಗುತ್ತದೆ. ಈ ಮಾತಿನ ಮೂಲ ಕಲ್ಕತ್ತೆಯಲ್ಲಿ ವಕೀಲಿ ಮಾಡುತ್ತಿದ್ದ ವಿಲಿಯಂ ಹಿಕ್ಕಿ ಎಂಬಾತನ ಆತ್ಮಕಥನ. ಆಕೆಗೆ ತೀವ್ರವಾದ ಹೊಟ್ಟೆಯ ಬೇನೆ ಬಂತೆಂದೂ ಅದಕ್ಕೆ ಆ ಹಣ್ಣೇ ಕಾರಣವೆಂದೂ ಅವನು ಬರೆದಿದ್ದಾನೆ. ಹಿಕ್ಕಿ ರಸವತ್ತಾದ ಬರಹಗಾರ, ಹರಟೆಮಲ್ಲ, ವೈದ್ಯನಲ್ಲ. ರೋಗಾಣುವಿನ ಕಲ್ಪನೆಯೇ ಇಲ್ಲದ ಕಾಲದಲ್ಲಿ, ಅತಿಸಾರ ಆಮಶಂಕೆಗಳು ಮನೆಮನೆಯ ಮೃತ್ಯುವಾಗಿದ್ದ ನಗರದಲ್ಲಿ, ಒಂದು ಹಣ್ಣನ್ನು ಅಪರಾಧಿಯಾಗಿ ನಿಲ್ಲಿಸಿದ ಊಹೆ ಅದು. ಎರಡು ಶತಮಾನಗಳ ಬಳಿಕ ಅದು ಚರಿತ್ರೆಯ ವೇಷದಲ್ಲಿ ನಗೆಚಟಾಕಿಯಾಗಿ ಉಳಿದಿದೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಮುಖ್ಯವಾಗಬೇಕಾದದ್ದು ಬೇರೊಂದಿದೆ. ವೇಲ್ಸಿನ ಕಡಲತೀರದ ಊರಿನಲ್ಲಿ ಲ್ಯಾಂಡರನಿಗೆ ಆಕೆ ಓದಲೆಂದು ಒಂದು ಪುಸ್ತಕವನ್ನು ಕೊಟ್ಟಿದ್ದಳು. ಅದರಲ್ಲಿದ್ದ ಕಥೆಯಿಂದಲೇ ಅವನ 'ಗೆಬಿರ್' ಎಂಬ ದೀರ್ಘಕಾವ್ಯ ಹುಟ್ಟಿ 1798ರಲ್ಲಿ ಪ್ರಕಟವಾಯಿತು. ಸತ್ತ ಸುಂದರಿಯಾಗಿ ಆಕೆ ಒಂದು ಕವಿತೆಗೆ ವಸ್ತುವಾಗುವುದಕ್ಕೆ ಮೊದಲೇ, ಓದುಗಳಾಗಿ ಇನ್ನೊಂದು ಕಾವ್ಯಕ್ಕೆ ನಿಮಿತ್ತಳಾಗಿದ್ದಳು. ಈ ಸಂಗತಿ ಅನಾನಸಿನಷ್ಟು ರುಚಿಕರವಲ್ಲ. ಹಾಗಾಗಿ ನಡಿಗೆಯಲ್ಲಿ ಅದಕ್ಕೆ ಎಡೆಯಿಲ್ಲ.

ಲ್ಯಾಂಡರನ ಹೆಸರು ಇದೇ ಆವರಣದಲ್ಲಿ ಮತ್ತೊಂದೆಡೆ ಕಾಣಿಸಿಕೊಳ್ಳುತ್ತದೆ. ಚಾರ್ಲ್ಸ್ ಡಿಕನ್ಸನ ಎರಡನೆಯ ಮಗನಿಗೆ ವಾಲ್ಟರ್ ಲ್ಯಾಂಡರ್ ಡಿಕನ್ಸ್ ಎಂಬ ಹೆಸರು ಬಂದದ್ದು ಆ ಕವಿಯಿಂದಲೇ. ಕವಿ ಅವನ ಧರ್ಮಪಿತ. ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದ ಹುಡುಗ 1863ರ ಡಿಸೆಂಬರ್ 31ರಂದು ಕಲ್ಕತ್ತೆಯಲ್ಲಿ ತೀರಿಕೊಂಡ. ಅವನನ್ನು ಹೂಳಿದ್ದು ಭವಾನೀಪುರದ ಸೈನಿಕ ಸಮಾಧಿಭೂಮಿಯಲ್ಲಿ. 1987ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುತುವರ್ಜಿಯಿಂದ ಅವನ ಗೋರಿಯ ಕಲ್ಲನ್ನು ಮಾತ್ರ ಪಾರ್ಕ್ ಸ್ಟ್ರೀಟಿಗೆ ತರಲಾಯಿತು. ಇಲ್ಲಿ ಕಲ್ಲಿದೆ, ದೇಹ ಬೇರೆಡೆ ಇದೆ. ಪ್ರವಾಸಿಗರಲ್ಲಿ ಕೆಲವರಿಗೆ ಇದನ್ನು ಕೇಳಿ ಮೋಸಹೋದಂತೆ ಅನಿಸುವುದುಂಟು. ಕನ್ನಡ ಶಾಸನಗಳನ್ನು ಬಲ್ಲವರಿಗೆ ಹಾಗೆನಿಸಬೇಕಾಗಿಲ್ಲ. ಗಂಗರ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ವ್ರತವಿಡಿದು ಮುಡಿಪಿದನೆಂದು ಹೇಳುವ ಶಾಸನ ಇರುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದಲ್ಲಿ. ಸ್ಮಾರಕವು ದೇಹದ ಗುರುತಲ್ಲ, ಸ್ಮರಿಸುವವರ ಇಚ್ಛೆಯ ಗುರುತು ಎಂಬ ತಿಳಿವಳಿಕೆ ನಿಸಿದಿಗೆಯ ಪರಂಪರೆಯಲ್ಲಿ ಬಲು ಹಳೆಯದು.

ಸ್ಟುವರ್ಟನ ಸಮಾಧಿಯ ಬಳಿ ಮಾರ್ಗದರ್ಶಿಯ ಉತ್ಸಾಹ ಇಮ್ಮಡಿಯಾಗುತ್ತದೆ. 'ಹಿಂದೂ ಸ್ಟುವರ್ಟ್' ಎಂದೇ ಹೆಸರಾದ ಈ ಸೇನಾಧಿಕಾರಿ ಪ್ರತಿದಿನ ಗಂಗಾಸ್ನಾನ ಮಾಡುತ್ತಿದ್ದನೆಂಬುದು, ಭಾರತೀಯ ಉಡುಗೆತೊಡುಗೆಗಳನ್ನು ಕೊಂಡಾಡುತ್ತಿದ್ದನೆಂಬುದು, ತನ್ನ ದೇವತಾಮೂರ್ತಿಗಳೊಡನೆಯೇ ಹೂಳಲ್ಪಟ್ಟನೆಂಬುದು ಅಲ್ಲಿ ಕೇಳಿಬರುವ ಮಾತುಗಳು. ಸಮಾಧಿಯೂ ದೇವಾಲಯದ ಆಕಾರದ್ದು, ಕೆತ್ತನೆಯ ಬಾಗಿಲುವಾಡವಿದೆ. ಸಂಸ್ಕೃತಿಗಳ ಸಮನ್ವಯದ ಮೂರ್ತಿಯೆಂದು ಆತನನ್ನು ಹೊಗಳಿ ಗುಂಪು ಮುಂದೆ ಸಾಗುತ್ತದೆ. ಆ ಕೆತ್ತನೆಯ ಕಲ್ಲುಗಳನ್ನು ಕಂಡು, ಮೂರ್ತಿಗಳು ಇವನಿಗೆ ಎಲ್ಲಿಂದ ಬಂದವು ಎಂಬ ಪ್ರಶ್ನೆ ಒಬ್ಬನಿಗಾದರೂ ಹುಟ್ಟಬೇಕು. ಬಿಹಾರ, ಬಂಗಾಳ, ಒರಿಸ್ಸಾಗಳಿಂದ ಅವನು ಕೂಡಿಹಾಕಿದ ಶಿಲ್ಪರಾಶಿ ಅವನ ಮರಣಾನಂತರ ಇಂಗ್ಲೆಂಡಿಗೆ ಸಾಗಿ, ಕೈಬದಲಾಗಿ, 1872ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿತು. ಭುವನೇಶ್ವರದ ದೇವಾಲಯಗಳಿಂದ ಅವನು ಕಳಚಿ ತಂದು ಏಷ್ಯಾಟಿಕ್ ಸೊಸೈಟಿಗೆ ಕೊಟ್ಟಿದ್ದ ಶಾಸನಫಲಕಗಳನ್ನು, ಅಲ್ಲಿನ ಅರ್ಚಕರ ದೂರಿನ ಮೇರೆಗೆ, 1837ರಲ್ಲಿ ಲೆಫ್ಟಿನೆಂಟ್ ಕಿಟ್ಟೊ ಮರಳಿ ಒಯ್ಯಬೇಕಾಯಿತು. ಭಕ್ತಿಯೂ ಕಳವೂ ಒಬ್ಬನಲ್ಲಿಯೇ ಕೂಡಿದ್ದ ಈ ಸಂಕೀರ್ಣತೆ ಗಂಗಾಸ್ನಾನದ ಕಥೆಗಿಂತ ಎಷ್ಟೋ ಪಾಲು ಮಹತ್ವದ್ದು. ಶಾಸನವನ್ನು ಅದರ ಸ್ಥಳದಿಂದ ಕಿತ್ತರೆ ಏನಾಗುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ತಕ್ಕ ಜಾಗ ಬೇರೆ ಸಿಗಲಾರದು. ಆ ಪಾಠ ಅಲ್ಲಿ ನಡೆಯುವುದಿಲ್ಲ.

ಜೋನ್ಸನ ಸಮಾಧಿ ಇಡೀ ಆವರಣದಲ್ಲಿ ಎತ್ತರವಾದುವುಗಳಲ್ಲೊಂದು. 1784ರಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಕಟ್ಟಿದವನು, 1786ರ ಉಪನ್ಯಾಸದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಸಮಾನಮೂಲವನ್ನು ಸೂಚಿಸಿದವನು, 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ತಂದವನು: ಈ ಮೂರು ಮಾತುಗಳನ್ನು ಯಾವ ಮಾರ್ಗದರ್ಶಿಯೂ ತಪ್ಪದೆ ಹೇಳುತ್ತಾನೆ, ಹೇಳಬೇಕಾದದ್ದೇ. ಇದರೊಡನೆ ಹೇಳಬಹುದಾದ ಕುತೂಹಲದ ಸಂಗತಿಯೊಂದಿದೆ. ಜೋನ್ಸ್ ತನ್ನ ಸಮಾಧಿಲೇಖವನ್ನು ತಾನೇ ರಚಿಸಿಟ್ಟಿದ್ದ. ಅದರಲ್ಲಿ ಸಂಸ್ಕೃತದ ಹೆಸರಿಲ್ಲ, ನ್ಯಾಯಾಧೀಶನ ಹುದ್ದೆಯ ಹೆಸರಿಲ್ಲ, ಕಾಳಿದಾಸನಿಲ್ಲ. ಇರುವುದು ಒಬ್ಬ ಮನುಷ್ಯನ ಸ್ವಭಾವದ ಚಿತ್ರ, ಬಂಧುಮಿತ್ರರ ಮೇಲಣ ಮಮತೆ, ಶಾಂತವಾದ ನಿರ್ಗಮನ. ನಲವತ್ತೇಳು ವರ್ಷದ ವಿದ್ವಾಂಸ ತನ್ನನ್ನು ಲೋಕ ಯಾವುದಕ್ಕಾಗಿ ನೆನೆಯುತ್ತದೆಯೋ ಅದನ್ನೇ ಬಿಟ್ಟು ತನ್ನ ಸ್ಮರಣೆಯನ್ನು ಬರೆದುಕೊಂಡನೆಂಬುದು ಚಿಂತಿಸಬೇಕಾದ ವಿಷಯ.

ಅವನಿಗೆ ಸಂಸ್ಕೃತ ಕಲಿಸಿದವರು ನದಿಯಾ ಪ್ರಾಂತದ ರಾಮಲೋಚನ ಪಂಡಿತರು. ಅವನ ಪ್ರೇರಣೆಯಿಂದ ಹಿಂದೂ ಧರ್ಮಶಾಸ್ತ್ರದ ಬೃಹತ್ ಸಂಗ್ರಹವನ್ನು ಸಿದ್ಧಪಡಿಸಿದವರು ತ್ರಿವೇಣಿಯ ಜಗನ್ನಾಥ ತರ್ಕಪಂಚಾನನರು. ಇವರಿಗೆ ಪಾರ್ಕ್ ಸ್ಟ್ರೀಟಿನಲ್ಲಿ ಕಲ್ಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ದಹನದ ಸಂಪ್ರದಾಯದಲ್ಲಿ ಬೂದಿ ಹೊಳೆಯ ಪಾಲು, ಹೆಸರು ಶಿಷ್ಯಪರಂಪರೆಯ ಪಾಲು. ಇದನ್ನು ಬರಿಯ ಅನ್ಯಾಯವೆಂದು ಬಣ್ಣಿಸುವುದು ಅತ್ಯುಕ್ತಿಯಾದೀತು. ಆದರೆ ಪರಿಣಾಮವೊಂದು ಉಳಿದೇ ಉಳಿಯುತ್ತದೆ. ಕಲ್ಲು ನಿಲ್ಲಿಸುವವರ ಚರಿತ್ರೆ ಕಣ್ಣಿಗೆ ಕಾಣುತ್ತದೆ, ನಡಿಗೆಗೆ ಒದಗುತ್ತದೆ, ಟಿಕೀಟಿನ ಬೆಲೆಗೆ ದೊರೆಯುತ್ತದೆ. ಕಲ್ಲು ನಿಲ್ಲಿಸದವರ ಚರಿತ್ರೆಯನ್ನು ಗ್ರಂಥಭಂಡಾರದಲ್ಲಿ ಹುಡುಕಬೇಕು. ಜೋನ್ಸನ ಸಮಾಧಿಯ ನೆರಳಿನಲ್ಲಿ ನಿಂತು ಆ ಎರಡು ಹೆಸರುಗಳನ್ನು ಉಚ್ಚರಿಸುವುದಕ್ಕೆ ಅರ್ಧ ನಿಮಿಷ ಸಾಕು.

ಇನ್ನು ಕಥೆಯಿಲ್ಲದ ಸಮಾಧಿಗಳು. ಮಾರ್ಗದರ್ಶಿ ಕೈಬೀಸಿ ದಾಟಿಸುವ ಈ ನೂರಾರು ಕಲ್ಲುಗಳಲ್ಲಿಯೇ ಸಮಾಧಿಲೇಖವೆಂಬ ಸಾಹಿತ್ಯಪ್ರಕಾರದ ನಿಜವಾದ ಶರೀರವಿದೆ. ಇಂಥವರ ಹೆಂಡತಿ, ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ. ಶೋಕತಪ್ತನಾದ ಗಂಡನಿಂದ ಸ್ಥಾಪಿತ. ಇಂಥ ದಳದ ಲೆಫ್ಟಿನೆಂಟ್. ಜೊತೆಯ ಅಧಿಕಾರಿಗಳಿಂದ ಸ್ಥಾಪಿತ. ತಾಯಿ, ಆಮೇಲೆ ಕೂಸು, ಕೆಲವೊಮ್ಮೆ ಒಂದೇ ವಾರದ ಅಂತರದಲ್ಲಿ. ವಾಕ್ಯಗಳು ಒಂದನ್ನೊಂದು ಹೋಲುತ್ತವೆ, ಗುಣವಾಚಕಗಳು ಮತ್ತೆ ಮತ್ತೆ ಬರುತ್ತವೆ. ಹತ್ತು ಕಲ್ಲುಗಳನ್ನು ಸಾಲಾಗಿ ಓದಿದವನಿಗೆ ಸೂತ್ರ ಯಾವುದು, ಸೂತ್ರ ಮುರಿದದ್ದು ಎಲ್ಲಿ ಎಂಬುದು ತಿಳಿಯುತ್ತದೆ. ಆ ಮುರಿದ ಜಾಗದಲ್ಲಿಯೇ ಒಬ್ಬ ವ್ಯಕ್ತಿಯ ದುಃಖ ಕಾಣಿಸಿಕೊಳ್ಳುವುದು. ಒಂದೇ ಕಲ್ಲನ್ನು ನೋಡಿದವನಿಗೆ ಇದು ಎಂದಿಗೂ ಕಾಣದು.

ಈ ಓದಿನ ಕ್ರಮವನ್ನು ಕನ್ನಡ ಓದುಗರು ಕಲಿತದ್ದು ನಿಸಿದಿಗೆಗಳಿಂದ. ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅದು 500ಕ್ಕೆ ಏರಿತು. ಚಿಕ್ಕಬೆಟ್ಟದ ಬಂಡೆಯ ಮೇಲೆ ಚದುರಿಬಿದ್ದಿದ್ದ ಎರಡು ಮೂರು ಸಾಲಿನ ಬರಹಗಳನ್ನು ಒಟ್ಟಿಗಿಟ್ಟು ಓದಿದ ಮೇಲೆಯೇ ಏಳು, ಎಂಟನೆಯ ಶತಮಾನಗಳ ಕನ್ನಡದ ಛಂದಸ್ಸು, ವ್ಯಾಕರಣ, ಮುನಿಸಂಘಗಳ ವ್ಯವಸ್ಥೆ ಇವೆಲ್ಲ ತಿಳಿದುಬಂದದ್ದು. ಅಲ್ಲಿಯೂ ಸೂತ್ರವಿದೆ: ಹೆಸರು, ಗುರು ಅಥವಾ ಗಣ, ವ್ರತ, ಕೊನೆಗೆ 'ಮುಡಿಪಿದರ್' ಎಂಬ ಕ್ರಿಯೆ. ಸೂತ್ರದ ನಡುವೆ ಕಾವ್ಯ ಚಿಮ್ಮುವ ಕಡೆಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಎರಡು ಪರಂಪರೆಗಳ ನಡುವಣ ಅಂತರವೂ ಸಣ್ಣದಲ್ಲ. ಪಾರ್ಕ್ ಸ್ಟ್ರೀಟಿನಲ್ಲಿ ಸಾವು ಮನುಷ್ಯನ ಮೇಲೆರಗಿದ ಆಘಾತ. ಚಿಕ್ಕಬೆಟ್ಟದಲ್ಲಿ ಅದು ಆಹಾರವನ್ನು ಕ್ರಮವಾಗಿ ತೊರೆದು, ಎಚ್ಚರದಿಂದ ಎದುರುಗೊಂಡ ಅಂತ್ಯ. ಈಗ ಗೋರಿಯೆಂಬ ಅರ್ಥದಲ್ಲಿ ಬಳಕೆಯಾಗುತ್ತಿರುವ 'ಸಮಾಧಿ' ಎಂಬ ಮಾತು ಆ ಶಾಸನಗಳಲ್ಲಿ ಮನಸ್ಸಿನ ಸ್ಥಿತಿಯನ್ನು ಹೇಳುತ್ತದೆ, ಕಟ್ಟಡವನ್ನಲ್ಲ.

ಸ್ತ್ರೀಯರ ಹೆಸರುಗಳ ವಿಷಯದಲ್ಲಿಯೂ ಹೋಲಿಕೆ ಫಲಕಾರಿ. ನಾಗಮತಿಗಂತಿಯರು, ಸಸಿಮತಿಗಂತಿಯರು ಮೊದಲಾದ ತಪಸ್ವಿನಿಯರು ತಮ್ಮ ಹೆಸರಿನಿಂದ, ತಮ್ಮ ವ್ರತದಿಂದ ಚಿಕ್ಕಬೆಟ್ಟದಲ್ಲಿ ನೆನಪಾಗುತ್ತಾರೆ. ಪಾರ್ಕ್ ಸ್ಟ್ರೀಟಿನ ಹೆಂಗಸು ಹೆಚ್ಚಾಗಿ ಒಬ್ಬ ಗಂಡಸಿನ ಪತ್ನಿ ಅಥವಾ ಪುತ್ರಿ. ಇದರಿಂದ ಅವಸರದ ತೀರ್ಮಾನಕ್ಕೆ ಬರಬಾರದು. ಹೊಯ್ಸಳರ ಕಾಲಕ್ಕೆ ಬಂದರೆ ಅದೇ ಬೆಟ್ಟದಲ್ಲಿ ದಂಡನಾಯಕ ಗಂಗರಾಜ ತನ್ನ ಮಡದಿ ಲಕ್ಕಲೆಗೆ ನಿಸಿದಿಗೆಯನ್ನು ನಿಲ್ಲಿಸುತ್ತಾನೆ, ಆಗ ಆಕೆ ಮತ್ತೆ ಒಬ್ಬನ ಮಡದಿಯೇ. ಸಂಸಾರವನ್ನು ಬಿಟ್ಟವಳಿಗೆ ಸ್ವಂತ ಹೆಸರಿನ ಕಲ್ಲು, ಸಂಸಾರದಲ್ಲಿದ್ದವಳಿಗೆ ಗಂಡನ ಹೆಸರಿನ ಆಸರೆ. ಈ ರೇಖೆ ಎರಡೂ ಕಡೆ ಎಲ್ಲಿ ಕೂಡುತ್ತದೆ, ಎಲ್ಲಿ ಅಗಲುತ್ತದೆ ಎಂಬುದು ಒಬ್ಬ ಸಂಶೋಧನ ವಿದ್ಯಾರ್ಥಿಗೆ ಪ್ರೌಢಪ್ರಬಂಧದ ವಿಷಯವಾಗಬಲ್ಲುದು.

ವಸಾಹತುಗಾರರ ಗೋರಿಗಳನ್ನು ಇಷ್ಟು ಆಸ್ಥೆಯಿಂದ ಏಕೆ ಓದಬೇಕು, ನಾಡನ್ನು ಸುಲಿದವರ ಸ್ಮಾರಕ ಹಾಳಾದರೆ ಯಾರಿಗೆ ನಷ್ಟ ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಆಕ್ಷೇಪದ ಹಿಂದಿರುವ ಕಹಿ ನ್ಯಾಯವಾದದ್ದು. ಬಂಗಾಳದ ಮೂರನೆಯ ಒಂದು ಪಾಲು ಜನ ಹಸಿದು ಸತ್ತರೆನ್ನುವ 1770ರ ಕ್ಷಾಮ ನಡೆದದ್ದು ಈ ಭೂಮಿ ತೆರೆದ ಮೂರು ವರ್ಷಗಳಲ್ಲಿ; ಆ ಸತ್ತವರಿಗೆ ಯಾವ ಕಲ್ಲೂ ಇಲ್ಲ. ಆದರೆ ಕಲ್ಲನ್ನು ಒಡೆಯುವುದರಿಂದ ಆ ಲೆಕ್ಕ ಸರಿಹೋಗುವುದಿಲ್ಲ, ಲೆಕ್ಕದ ಪುಸ್ತಕವೇ ಹೋಗುತ್ತದೆ. ಆ ವರ್ಷಗಳಲ್ಲಿ ಯಾರ ಮರಣಕ್ಕೆ ಎಷ್ಟು ಇಟ್ಟಿಗೆ ಸಂದಿತು ಎಂಬುದಕ್ಕೆ ಸಾಕ್ಷಿ ಅಲ್ಲಿಯೇ ನಿಂತಿದೆ. ರಸ್ತೆಯ ಆಚೆ ಬದಿಯಲ್ಲಿ ಉತ್ತರ ಪಾರ್ಕ್ ಸ್ಟ್ರೀಟ್ ಸಮಾಧಿಭೂಮಿ ಇತ್ತು. ಕಾದಂಬರಿಕಾರ ಥ್ಯಾಕರೆಯ ತಂದೆ ರಿಚ್ಮಂಡ್ ಥ್ಯಾಕರೆಯನ್ನು ಹೂಳಿದ್ದು ಅಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ನೆಲಸಮ ಮಾಡಲಾಯಿತು. ಈಗ ಅಲ್ಲಿ ಕಟ್ಟಡಗಳೆದ್ದಿವೆ. ಅಲ್ಲಿದ್ದ ಲೇಖಗಳಲ್ಲಿ ಇಂದು ಓದಲು ಸಿಗುವುದು 1848ರಲ್ಲಿ ಹೋಮ್ಸ್ ಎಂಬ ಸಂಸ್ಥೆ ಅಚ್ಚುಹಾಕಿಸಿದ 'ಬೆಂಗಾಲ್ ಒಬಿಚುಯರಿ' ಎಂಬ ಸಂಗ್ರಹದಲ್ಲಿ, 1896ರಲ್ಲಿ ಸಿ.ಆರ್. ವಿಲ್ಸನ್ ಸಿದ್ಧಪಡಿಸಿದ ಪಟ್ಟಿಯಲ್ಲಿ ಸೇರಿಕೊಂಡವು ಮಾತ್ರ. ಗೋರಿಯ ಕಲ್ಲು ಕೆತ್ತುವ ವೃತ್ತಿಯವರೇ ಆ ಮೊದಲ ಸಂಗ್ರಹವನ್ನು ಮಾಡಿದರೆಂಬುದು ಮೆಚ್ಚತಕ್ಕ ಸಂಗತಿ. ವಿದ್ವಾಂಸರಿಗಿಂತ ಮೊದಲು ಕುಶಲಕರ್ಮಿಗಳಿಗೆ ಪಾಠದ ಬೆಲೆ ತಿಳಿದಿತ್ತು.

ಆದ್ದರಿಂದ ನಡಿಗೆಗಳು ನಿಲ್ಲಬೇಕಾಗಿಲ್ಲ. ಅವುಗಳ ವಿಧಾನ ಬದಲಾಗಬೇಕು. ಕೈಗೆ ಒಂದು ಹಾಳೆ, ಅದರಲ್ಲಿ ನಾಲ್ಕು ಸಾಮಾನ್ಯ ಲೇಖಗಳ ಅಚ್ಚುಪಾಠ. ಆ ಕಲ್ಲುಗಳನ್ನು ಪ್ರವಾಸಿಗರು ತಾವೇ ಹುಡುಕಿ, ಅಳಿಸಿಹೋದ ಅಕ್ಷರವನ್ನು ಹಾಳೆಯೊಡನೆ ಹೋಲಿಸಿ ಓದಲಿ. ಫಲಕದ 1790ಕ್ಕೂ ಡಿರೋಜಿಯೊನ 1831ಕ್ಕೂ ಹೇಗೆ ಹೊಂದಿಕೆ ಎಂದು ಮಾರ್ಗದರ್ಶಿ ಬಾಗಿಲಲ್ಲಿಯೇ ಕೇಳಲಿ. ಹಿಂದೂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದು, ವಿದ್ಯಾರ್ಥಿಗಳ ತಲೆ ಕೆಡಿಸಿದನೆಂಬ ಆರೋಪಕ್ಕೆ ಗುರಿಯಾಗಿ ಕೆಲಸ ಬಿಟ್ಟು, ಅದೇ ವರ್ಷ ಇಪ್ಪತ್ತೆರಡರ ಹರೆಯದಲ್ಲಿ ವಾಂತಿಭೇದಿಗೆ ಬಲಿಯಾದ ಆ ಅಧ್ಯಾಪಕನಿಗೆ ಪ್ರಶ್ನೆ ಕೇಳುವವರೇ ಪ್ರಿಯರಾಗಿದ್ದರು.

ನಡಿಗೆ ಮುಗಿಯುವುದು ಸಮಾಧಿಭೂಮಿಯ ಬಾಗಿಲಲ್ಲಿ. ಅದನ್ನು ಇನ್ನಷ್ಟು ಮುಂದುವರಿಸಿದರೆ, ಇದೇ ರಸ್ತೆಯ 1ನೆಯ ಸಂಖ್ಯೆಯ ಕಟ್ಟಡದಲ್ಲಿ ಜೋನ್ಸ್ ಕಟ್ಟಿದ ಏಷ್ಯಾಟಿಕ್ ಸೊಸೈಟಿ ಈಗಲೂ ಇದೆ. ಕನ್ನಡಿಗರಿಗೆ ಈ ನಗರದಲ್ಲಿ ಒಂದು ಋಣವಿದೆ. ಮೈಸೂರು ಸೀಮೆಯ ಮೋಜಣಿಯನ್ನು ನಡೆಯಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ಇಲ್ಲಿಗೆ ಬಂದು 1821ರ ಮೇ 8ರಂದು ತೀರಿಕೊಂಡ. ಅವನು ಕೂಡಿಸಿದ ಶಾಸನಪ್ರತಿಗಳು, ಕೈಫಿಯತ್ತುಗಳು, ಓಲೆಗರಿಗಳ ವಿವರಣಾತ್ಮಕ ಪಟ್ಟಿಯನ್ನು ಎಚ್.ಎಚ್. ವಿಲ್ಸನ್ 1828ರಲ್ಲಿ ಇಲ್ಲಿಯೇ ಅಚ್ಚುಹಾಕಿಸಿದರು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ಗ್ರಂಥದ ಬೇರು ಇರುವುದು ಆ ಸಂಗ್ರಹದಲ್ಲಿ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1816ರಲ್ಲಿ ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಅವನೊಡನೆ ಮೂವರು ಭಾರತೀಯ ಸಹಾಯಕರಿದ್ದಾರೆ. ಅವರಲ್ಲೊಬ್ಬರನ್ನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೆಂದು ಗುರುತಿಸಲಾಗಿದೆ. ಹಳಗನ್ನಡದ ಲಿಪಿಯನ್ನು ಬಿಡಿಸಿ ಓದಿಕೊಟ್ಟವರು ಅವರು. ಹಿನ್ನೆಲೆಯಲ್ಲಿ, ದೂರದಲ್ಲಿ, ಕಾರ್ಕಳದ ಗೊಮ್ಮಟ. ಅದೇ ಮಲೆಯೂರಿನ ಕನಕಗಿರಿಗೆ ಮೆಕೆಂಜಿ 1804ರಲ್ಲಿ ಬಂದದ್ದನ್ನು ದೇವಚಂದ್ರ ತನ್ನ 'ರಾಜಾವಳಿ ಕಥೆ'ಯಲ್ಲಿ ದಾಖಲಿಸಿದ್ದಾನೆ.

ಮೆಕೆಂಜಿ ಸತ್ತ ಮೇಲೆ, 1830ರ ದಶಕದಲ್ಲಿ, ಅವನ ಮುಖ್ಯ ಸಹಾಯಕನಾಗಿದ್ದ ಕಾವಲಿ ವೆಂಕಟ ಲಕ್ಷ್ಮಯ್ಯ ಆ ಸಂಗ್ರಹಕಾರ್ಯವನ್ನು ತಾನು ಮುಂದುವರಿಸುವುದಾಗಿ ಕೇಳಿಕೊಂಡ. ಅಷ್ಟು ಹೊತ್ತಿಗೆ ಆ ಕೆಲಸದಲ್ಲಿ ಅವನ ತಲೆ ನೆರೆತಿತ್ತು. ಪರಿಶೀಲನೆಗೆಂದು ಮನವಿ ಹೋದದ್ದು ಪಾರ್ಕ್ ಸ್ಟ್ರೀಟಿನ ಇದೇ ಸೊಸೈಟಿಗೆ. ಲಕ್ಷ್ಮಯ್ಯನ ಯೋಗ್ಯತೆ ಅಂಥ ಕಾರ್ಯಕ್ಕೆ ಸಾಲದೆಂದು ಸೊಸೈಟಿಯ ಸಮಿತಿ ಬರೆದು ಕಳಿಸಿತು.